ಒಂಟಿ ಗಿಳಿಯ ಕರಡಿಗೆ

ಕರಡಿಗೆಯ ಜೊತೆ ಇದ್ದ ಚೀಟಿಯಲ್ಲಿ ಬರೆದದ್ದು ಇಷ್ಟೇ: ಬೆಳ್ಳಿ, ಜಳಕೋಟದ ಕಡೆಯಿಂದ, ದಾನ. ಅದು ಬಂದ ದಿನ ನಾನು ರಜೆಯಲ್ಲಿದ್ದೆ. ತಂದವರು ಯಾರು, ಕೊಡುವಾಗ ಏನು ಹೇಳಿದರು ಎಂದು ಮರುದಿನ ವಿಚಾರಿಸಲೂ ಇಲ್ಲ. ವಸ್ತು ಮುಂದೆ ಇರುವಾಗ ಅದನ್ನೇ ನೋಡಬೇಕು, ಮಾತು ಆಮೇಲೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ.

ಉದಗೀರದ ಒಂದು ಹಳೆಯ ವಾಡೆಯಲ್ಲಿ ನಮ್ಮ ಚಿಕ್ಕ ಸಂಗ್ರಹಾಲಯವಿದೆ. ಸುತ್ತಲಿನ ಊರುಗಳ ಮನೆಗಳಲ್ಲಿ ಬಳಕೆ ತಪ್ಪಿದ ತಾಮ್ರದ ಹಂಡೆ, ಅಡಕೊತ್ತು, ದೀಪದ ಕಂಬ, ಪಾನದಾನಿಗಳು ಇಲ್ಲಿಗೆ ಬರುತ್ತವೆ. ಅವನ್ನು ತೂಗಿ, ಫೋಟೊ ತೆಗೆದು, ಶುಚಿ ಮಾಡಿ, ಒಂದೊಂದಕ್ಕೂ ಒಂದು ಕಾರ್ಡು ಬರೆಯುವುದು ನನ್ನ ಕೆಲಸ. ಕಾರ್ಡಿಗೆ ಸಂಚಾಲಕರ ಸಹಿ ಬಿದ್ದ ಮೇಲೆ ವಸ್ತು ಸಂಗ್ರಹಾಲಯದ್ದು. ಅಲ್ಲಿಯವರೆಗೆ ಕೊಟ್ಟವರದ್ದೇ.

ಕರಡಿಗೆ ನನಗೆ ಹೊಸದಲ್ಲ. ಲಿಂಗವಂತರು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಗೂಡು ಅದು. ನಮ್ಮ ಮನೆಯಲ್ಲೂ ಇವೆ. ಕಟ್ಟಿಕೊಂಡವರು ತೀರಿಕೊಂಡಾಗ ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಮಣ್ಣಿಗೆ ಕೊಡುತ್ತಾರೆ. ಬೆಳ್ಳಿ ಮನೆಯಲ್ಲಿ ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿಗೆ ಬರುವ ಕರಡಿಗೆಗಳೆಲ್ಲ ಖಾಲಿ. ಇದು ಮಾತ್ರ ಕೈಗೆ ಭಾರವಾಗಿತ್ತು, ಮುಚ್ಚಳ ಬಿಗಿದುಕೊಂಡಿತ್ತು. ಮೈಮೇಲೆ ಗಟ್ಟಿಯಾದ ಹಳದಿ ಪದರವಿತ್ತು. ಕೆತ್ತನೆ ಏನೆಂದು ಕಾಣದಷ್ಟು ದಪ್ಪ.

ಹಳೆಯ ವಾರ್ನಿಶ್ ಇರಬಹುದೆಂದುಕೊಂಡೆ. ಅಂಚಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರಿನ ಒಂದು ಹನಿ ಇಟ್ಟು ನೋಡಿದೆ. ಸುಣ್ಣ ತಾಗಿದ ಹಾಗೆ ಕೆಂಪಾಯಿತು. ಅರಿಶಿನ. ಇದು ನನಗೆ ವಿಚಿತ್ರ ಎನ್ನಿಸಿತು. ಕರಡಿಗೆಗೆ ಹಚ್ಚುವುದು ವಿಭೂತಿ. ಅರಿಶಿನಕ್ಕೆ ಅಲ್ಲಿ ಕೆಲಸವಿಲ್ಲ. ಯಾರೋ ಅಡುಗೆಮನೆಯಲ್ಲಿ, ಮಸಾಲೆಯ ಡಬ್ಬಿಯ ಪಕ್ಕದಲ್ಲಿ ಬಹಳ ಕಾಲ ಇಟ್ಟಿರಬೇಕೆಂದು ತೀರ್ಮಾನಿಸಿದೆ. ಕಾರ್ಡಿನಲ್ಲಿ ‘ಅನ್ಯ ವಸ್ತು, ತೆಗೆಯಬಹುದು’ ಎಂದು ಬರೆದೆ.

ತೆಗೆಯಲು ಸುಮಾರು ಒಂದು ವಾರ ಹಿಡಿಯಿತು. ಬಿದಿರಿನ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಭೂತಗನ್ನಡಿಯ ಕೆಳಗೆ ಬೆರಳಗಲ ಬೆರಳಗಲ ಬಿಡಿಸಿದೆ. ಪದರದೊಳಗೆ ಪದರ ಸಿಗುತ್ತಿತ್ತು. ಒಂದು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಡಬ್ಬಿಯಿಂದ ಚೆಲ್ಲಿದ ಪುಡಿ ಹೀಗೆ ಕೂರುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಕೊನೆಗೆ ಸೀಮೆಸುಣ್ಣದ ನುಣ್ಣನೆಯ ಪುಡಿಯಿಂದ ಉಜ್ಜಿದೆ. ಬೆಳ್ಳಿ ಹೊಸದರಂತೆ ಹೊಳೆಯಿತು. ತೆಗೆದದ್ದರ ಮಾದರಿ ಇಡುವುದು ಪದ್ಧತಿಯಾದ್ದರಿಂದ ಒಂದು ಹತ್ತಿಯ ಕಡ್ಡಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ಮುಚ್ಚಿ, ಉಳಿದವನ್ನು ಕಸಕ್ಕೆ ಹಾಕಿದೆ.

ಹಳದಿ ಹೋದ ಮೇಲೆ ಕೆತ್ತನೆ ಕಂಡಿತು. ನಡುವೆ ತಾವರೆ, ಅದರ ಎಡಕ್ಕೆ ಒಂದು ಗಿಳಿ. ಬಲಕ್ಕೆ ಏನೂ ಇಲ್ಲ. ಗಿಳಿಗಳನ್ನು ಯಾವಾಗಲೂ ಜೋಡಿಯಾಗಿಯೇ ಕೆತ್ತುತ್ತಾರೆ. ಕೆತ್ತನೆ ಅಪೂರ್ಣ ಎಂದು ಬರೆಯಲು ಹೊರಟವಳು ಖಾಲಿ ಜಾಗದ ಅಂಚಿನ ಗೆರೆ ನೋಡಿ ನಿಲ್ಲಿಸಿದೆ. ಆ ಗೆರೆ ಮುಗಿದಿತ್ತು. ಅಕ್ಕಸಾಲಿಗ ಬೇಕೆಂದೇ ಅಷ್ಟಕ್ಕೆ ಬಿಟ್ಟಿದ್ದ.

ಸಂದಿಯ ಅರಿಶಿನ ಕರಗಿದ್ದರಿಂದ ಮುಚ್ಚಳವೂ ಸಡಿಲಾಗಿತ್ತು. ಒಳಗೆ, ಮಾಸಿದ ಬಟ್ಟೆಯಲ್ಲಿ, ಲಿಂಗವಿತ್ತು.

ತಕ್ಷಣ ಮುಚ್ಚಿದೆ. ಕಟ್ಟಿಕೊಂಡವರು ಮಣ್ಣಿಗೆ ಹೋಗಿದ್ದಾರೆ, ಲಿಂಗ ಹೋಗಿಲ್ಲ. ನನ್ನ ಮನೆಯ ಹಿರಿಯರು ಇದನ್ನು ಕೇಳಿದರೆ ಅನ್ನ ಬಿಡುತ್ತಿದ್ದರು. ಸಂಚಾಲಕರಿಗೆ ಹೇಳಿದೆ. ಅವರು ಮರಾಠಿ ಸಾಹಿತ್ಯ ಓದಿದವರು, ಒಳ್ಳೆಯವರು, ಎಲ್ಲದಕ್ಕೂ ಬೇಗ ಖುಷಿಪಡುವವರು.

“ಅರೇ ವಾ! ಒಳಗಿನ ದೇವರ ಸಮೇತ ಸಿಕ್ಕದ ಅಂದ್ರ ಭಾಗ್ಯ ಅಲ್ಲೇನ್ರಿ?”

“ಸಿಗಬಾರದು ಸರ್.”

“ಬಘೂ, ಬಘೂ, ನೋಡೋಣು. ಮೊದಲ ಕಾರ್ಡ್ ಮುಗಸ್ರಿ.”

ಕಾರ್ಡು ಮುಗಿಸಲಿಲ್ಲ. ಮೇಜಿನ ಖಾನೆಯಲ್ಲಿಟ್ಟೆ.

ಅದೇ ತಿಂಗಳು ನಿಲಂಗಾದಿಂದ ಉಮರ್ಗಾದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ಕರೆ ಬಂತು. ಹಳೆಯ ಒಕ್ಕಲುತನದ ಮನೆ, ಲಿಂಗವಂತರು. ಮನೆಯ ಯಜಮಾನರು ದೊಡ್ಡ ಹಂಡೆಗಳನ್ನು ಕೊಡುವವರಿದ್ದರು. ಕಬ್ಬಿನ ಟ್ರಾಲಿಗಳ ಹಿಂದೆ ತೆವಳಿದ ಎಸ್‌ಟಿ ಬಸ್ಸಿನಲ್ಲಿ ಹೋಗಿ ಇಳಿದಾಗ ಊಟದ ಹೊತ್ತು. ಪಡಸಾಲೆಯಲ್ಲಿ ಯಜಮಾನರ ತಾಯಿ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಮೊಮ್ಮಕ್ಕಳು ಕರೆದಂತೆ ನಾನೂ ಆಯಿ ಎಂದೆ.

“ಏನ್ ತಂಗಿ, ಹಳೇ ಸಾಮಾನ ಒಯ್ಯಾಕ ಬಂದೀ ಅಂತ. ನನ್ನೂ ಒಯ್ತೀಯೇನು? ಈ ಮನ್ಯಾಗ ನನ್ನಷ್ಟು ಹಳೇದು ಯಾವುದೂ ಇಲ್ಲ.”

“ನಿಮ್ಮನ್ನ ತೂಗೋ ತಕ್ಕಡಿ ನಮ್ಮಲ್ಲಿಲ್ಲ ಆಯಿ.”

ಅವರು ನಕ್ಕರು. ನಗುವಾಗ ಸೆರಗು ಸರಿಯಿತು. ಕೊರಳಲ್ಲಿದ್ದ ಕರಡಿಗೆ ಕಂಡಿತು. ನಡುವೆ ತಾವರೆ, ಅದರ ಬಲಕ್ಕೆ ಒಂದು ಗಿಳಿ. ಎಡಕ್ಕೆ ಏನೂ ಇಲ್ಲ.

ಹತ್ತಿರದಿಂದ ನೋಡಬಹುದೇ ಎಂದೆ. ಕೊರಳಿಂದ ತೆಗೆಯುವುದಿಲ್ಲ, ಬಗ್ಗಿ ನೋಡು ಎಂದರು. ಬಗ್ಗಿ ನೋಡಿದೆ. ಅದೇ ತಾವರೆ, ಅದೇ ಅಂಚು. ಒಂದೇ ಗಿಳಿ ಯಾಕೆ ಎಂದು ಕೇಳಿದೆ.

“ಇನ್ನೊಂದು ನಮ್ಮಕ್ಕನ ಹಂತ್ಯಾಕ ಅದ. ನಮ್ಮಿಬ್ಬರಿಗೂ ಕೂಡೇ ಅಯ್ಯಾಚಾರ ಮಾಡಿ ಲಿಂಗ ಕಟ್ಟಿದ್ರು. ಅಪ್ಪ ಉದಗೀರದ ಪತ್ತಾರನ ಕಡಿಂದ ಜೋಡಿ ಮಾಡಿಸಿದ್ದ. ಬಾಜೂಕ ಬಾಜೂಕ ಕುಂತ್ರ ಗಿಳಿಗೋಳು ಮಾರಿಗೆ ಮಾರಿ ಹಚ್ಚಿ ಮಾತಾಡ್ತಾವ ಅಂತಿದ್ಲು ಅಕ್ಕ.” ಬೆರಳಿಂದ ಗಿಳಿಯನ್ನು ಒಮ್ಮೆ ಒರೆಸಿಕೊಂಡರು. “ನಾ ಸಣ್ಣಾಕಿ, ಮುರುಮದಾಗ ಸ್ವಾದರಮಾವನ ಮನಿಗೆ ಹೋಗಿದ್ದೆ. ತಿರುಗಿ ಬರೂದ್ರಾಗ ಅಕ್ಕ ಇರ್ಲಿಲ್ಲ. ದೊಡ್ಡ ಬ್ಯಾನಿ ಬಂದು ಹೋದ್ಲು ಅಂದ್ರು. ಬ್ಯಾನಿಗೆ ಅಂಜಿ ಮೈಮ್ಯಾಲಿಂದು ಏನೂ ತಗೀಲಿಲ್ಲಂತ. ಕರಡಿಗಿ ಸಮೇತ ಮಣ್ಣು ಕೊಟ್ರು.”

ಹೊಲದಲ್ಲಿ ಅಕ್ಕನ ಸಮಾಧಿಯ ಕಟ್ಟೆ ಇದೆಯೆಂದೂ, ಸೋಮವಾರಕ್ಕೊಮ್ಮೆ ತಾನೇ ನಡೆದು ಹೋಗಿ ದೀಪ ಹಚ್ಚುವುದೆಂದೂ ಹೇಳಿದರು. ಮಗನ ಕಡೆ ತಿರುಗಿ, “ನನ್ನ ಆಕಿ ಬಾಜೂಕ ಇಡ್ರಿ ಅಂತ ಹೇಳಿಟ್ಟೀನಿ. ಬಾಕಿ ಏನೂ ಕೇಳಂಗಿಲ್ಲ ನಾ. ಗಿಳಿ ಭಾಳ ದಿನದಿಂದ ಒಂದೇ ಕುಂತದ,” ಎಂದರು.

ನಾನು ಹಂಡೆಗಳ ಅಳತೆ ತೆಗೆದುಕೊಂಡೆ. ಎರಡು ಸಲ ತಪ್ಪಾಗಿ ಬರೆದು ತಿದ್ದಿದೆ.

ಬಸ್ಸಿನಲ್ಲಿ ಯೋಚಿಸಿದ್ದು ಒಂದೇ. ಆ ಕಟ್ಟೆಯ ಕೆಳಗೆ ಆಯಿಯ ಅಕ್ಕ ಇಲ್ಲದಿದ್ದರೆ, ಆಯಿ ಯಾರ ಪಕ್ಕದಲ್ಲಿ ಮಲಗಬೇಕು? ಗೋರಿಯಿಂದ ಕದ್ದಿರಬಹುದು, ಅಕ್ಕಸಾಲಿಗ ಮೂರನೆಯದೊಂದು ಮಾಡಿರಬಹುದು. ಖಚಿತವಾಗದೆ ಬಾಯಿ ತೆರೆಯಬಾರದೆಂದು, ಕೊಟ್ಟವನ ವಿಳಾಸವನ್ನು ಸಂಚಾಲಕರಿಂದ ಪಡೆದು ಮೊದಲು ಜಳಕೋಟಕ್ಕೆ ಹೋದೆ.

ಕರಡಿಗೆ ಕೊಟ್ಟವನು ಕುರುಬರವನು. ಜಳಕೋಟದಾಚೆ ಹೊಲದಲ್ಲೇ ಮನೆ, ಪಕ್ಕದಲ್ಲಿ ಕುರಿಹಟ್ಟಿ. ಮನೆ ಬಿಚ್ಚಿ ಕಟ್ಟಿಸುತ್ತಿದ್ದ. ಬೀರಪ್ಪನ ಜಗುಲಿಯನ್ನು ತಾತ್ಕಾಲಿಕವಾಗಿ ತಗಡಿನ ಕೆಳಗೆ ಇಟ್ಟಿದ್ದರು. ನಾನು ಕರಡಿಗೆಯ ಮಾತು ತೆಗೆದೆ.

“ಸರ್‌ಗ ಎಲ್ಲಾ ಹೇಳಿದ್ನಲ್ರಿ ಮೇಡಂ, ಅದು ನಮ್ಮ ಅಜ್ಜಿ ದೇವ್ರು ಅಂತ. ಅವ್ರು ಹಾಂ ಹಾಂ ಅಂದ್ರು. ಅಜ್ಜಿ ಹೋದ ಮಳಿಗಾಲದಾಗ ಹೋದ್ಲು. ಅದರ ಪೂಜಿ ಹೆಂಗಂತ ನಮಗ್ಯಾರಿಗೂ ಗೊತ್ತಿಲ್ಲ. ಪೂಜಿ ಇಲ್ದಂಗ ದೇವ್ರನ್ನ ಮನ್ಯಾಗ ಕುಂದ್ರಸಬಾರದಲ್ರಿ. ನೀವು ಕಲ್ತವರು, ನೋಡ್ಕೋತೀರಿ ಅಂತ ತಂದು ಕೊಟ್ಟೆ.”

ಹೋದ ಮಳೆಗಾಲ. ನಾನು ಅದೇ ಮಳೆಗಾಲದಲ್ಲಿ ಉದಗೀರದಲ್ಲಿ ಈ ಕೆಲಸಕ್ಕೆ ಸೇರಿದ್ದೆ. ಆಕೆಗೂ ನನಗೂ ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ.

ಅವನ ತಾಯಿ, ಅಂದರೆ ತೀರಿಕೊಂಡ ಅಜ್ಜಿಯ ಸೊಸೆ, ಚಹಾ ತಂದಿಟ್ಟು ಎದುರಿಗೇ ಕುಳಿತರು. ಅತ್ತೆ ಲಿಂಗವಂತರ ಮನೆಯವಳು, ಮಾವ ಕುರಿ ಮೇಯಿಸುತ್ತ ಆ ಕಡೆ ಹೋದಾಗ ಅವನ ಹಿಂದೆ ಬಂದವಳು ಎನ್ನುವುದು ಆ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ.

“ಕುರಿ ತಗೊಂಡು ನಮ್ಮವರು ನಿಲಂಗಾದ ಕಡಿ ಹೊಂಟ್ರ ಅತ್ತಿ ಉದಗೀರಕ್ಕೇ ನಿಂತುಬಿಡ್ತಿದ್ರು. ‘ಬರ್ರಿ ಅತ್ತಿ, ನಿಮ್ಮ ತವರುಮನಿ ತೋರಸ್ರಿ’ ಅಂತ ನಾವು ಕಾಡಸ್ತಿದ್ವಿ. ‘ಹುಚ್ಚವ್ವಾ, ಆ ಕಡಿ ನಾ ಸತ್ತೀನಿ. ನಿಲಂಗಾದಾಗ ದೆವ್ವ ಬಂತಂತ ಮಂದಿ ಓಡ್ಯಾರು’ ಅಂದು ನಗ್ತಿದ್ರು. ಒಂದು ತಂಗಿ ಅದ ಅಂತಿದ್ರು. ಆಕೀನ ಮಾತ್ರ ಒಮ್ಮೆ ನೋಡಬೇಕು ಅನಸ್ತದ ಅಂತಿದ್ರು.”

ಅರಿಶಿನದ ವಿಷಯ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ಆಶ್ಚರ್ಯ.

“ಭಂಡಾರ ಅಲ್ಲೇನ್ರಿ ಬಾಯಿ! ಐತವಾರಕ್ಕೊಮ್ಮೆ ಬೀರಪ್ಪಗ ಹಚ್ಚಿದ ಮ್ಯಾಲ ಅತ್ತಿ ದೇವ್ರಿಗೂ ಹಚ್ಚತಿದ್ವಿ. ಮಾವನೇ ಸುರು ಮಾಡಿದ್ದು. ಮನಿಗೆ ಬಂದಾಕಿ ದೇವ್ರೂ ಮನೀದೇ ಅಂತ. ಮೊದಲಿಗೆ ಅತ್ತಿ ಬ್ಯಾಡ ಅಂದಿದ್ರಂತ. ಆಮ್ಯಾಲ ನಾವೇನಾರ ಮರತ್ರ ತಾವೇ ಮುಂದ ಹಿಡೀತಿದ್ರು.”

ಚಹಾ ಆರಿತು. ನಾನು ಕಸಕ್ಕೆ ಹಾಕಿದ ಹತ್ತಿಯ ಕಡ್ಡಿಗಳು ಕಣ್ಣ ಮುಂದೆ ಬಂದವು. ಒಂದೊಂದು ಪದರವೂ ಒಂದೊಂದು ಭಾನುವಾರ. ಬೀರಪ್ಪನ ಭಕ್ತರು ಭಂಡಾರ ಎಂದರೆ ಅರಿಶಿನ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದು ಕರಡಿಗೆಯ ಮೇಲೆ ಇರಬಹುದೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ, ಆದ್ದರಿಂದ ಅದು ಅನ್ಯ ವಸ್ತು.

ಅಜ್ಜಿಯನ್ನು ಅವರು ತಮ್ಮ ಪದ್ಧತಿಯಂತೆ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಲಿಂಗವನ್ನು ಜೊತೆಗಿಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆಕೆಗೆ ಮಾತು ನಿಂತಿತ್ತು. ಕರಡಿಗೆ ಜಗುಲಿಯ ಮೇಲಿತ್ತು; ಆಕೆ ಎದೆಯನ್ನು ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳಂತೆ. ಎದೆನೋವೆಂದು ಇವರು ಎಣ್ಣೆ ಹಚ್ಚಿದರಂತೆ.

ಸಂಚಾಲಕರಿಗೆ ಎಲ್ಲ ಹೇಳಿದೆ. ಅವರ ಕಣ್ಣು ಹೊಳೆಯಿತು. ಆಯಿಯ ಕರಡಿಗೆಯನ್ನೂ ಮುಂದೆ ಯಾವಾಗಲಾದರೂ ಪಡೆದು, ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಎದುರುಬದುರು ಇಡೋಣವೆಂದರು. ದೂರದಿಂದ ಜನ ನೋಡಲು ಬರುತ್ತಾರೆ, ಕಾರ್ಡು ಕೊಡಿ, ಸಹಿ ಮಾಡುತ್ತೇನೆ ಎಂದರು. ಇನ್ನೂ ಆಗಿಲ್ಲ ಸರ್ ಎಂದೆ. ಆಯಿಯ ಮಗನಿಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

“ಅವ್ವಗ ಹೇಳಬ್ಯಾಡ್ರಿ ಮೇಡಂ. ಊರಾಗ ಮಂದಿ ಏನಂತಾರ ಅದು ಆಮ್ಯಾಲಿನ ಮಾತು. ಆ ಕಟ್ಟಿ ಸಲುವಾಗಿ ಆಕಿ ಜೀವ ಹಿಡದಾಳ. ಅದೇ ಖಾಲಿ ಅಂದ್ರ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಂಡೆಗಳನ್ನು ತರಲು ಮತ್ತೆ ಹೋದಾಗ ಕರಡಿಗೆ ನನ್ನ ಚೀಲದಲ್ಲಿತ್ತು. ಹೋಲಿಸಿ ನೋಡಲು ಎಂದು ದಾಖಲೆಯಲ್ಲಿ ಬರೆದು ತೆಗೆದುಕೊಂಡಿದ್ದೆ. ಹೇಳಬೇಕೆಂದೋ ಬೇಡವೆಂದೋ ನಾನು ನಿರ್ಧರಿಸಿರಲಿಲ್ಲ.

ಮಗ ಹೊರಗೆ ಟೆಂಪೊಗೆ ಹಂಡೆ ಏರಿಸುತ್ತಿದ್ದರು. ಆಯಿ ನನ್ನನ್ನು ಹತ್ತಿರ ಕರೆದರು.

“ಅವತ್ತ ನನ್ನ ಗಿಳಿ ನೋಡಿ ನೀ ಹೆದರಿದಿ. ಯಾಕ?”

“ಹಂಗೇನಿಲ್ಲ ಆಯಿ.”

“ಸುಳ್ಳ ಹೇಳೂದು ಕಲ್ತಿಲ್ಲ ನೀ. ಭಾಳ ಓದೀದಿ ಅನಸ್ತದ. ಮಗನೂ ನಾಕು ದಿನದಿಂದ ನನ್ನ ಮಾರಿ ನೋಡವಲ್ಲ. ನಾ ಕಟ್ಟಿಗೆ ಹೊಂಟ್ರ ‘ಬಿಸಲದ, ಇರಲಿ ಬಿಡವ್ವ’ ಅಂತಾನ. ಎಂದೂ ಅಂದವ ಅಲ್ಲ. ಏನದ, ಹೇಳು.”

ಅವರು ಕೇಳಿದ ಮೇಲೆ ಮುಚ್ಚಿಡುವ ಹಕ್ಕು ನನ್ನದೂ ಅಲ್ಲ, ಮಗನದೂ ಅಲ್ಲ ಎನ್ನಿಸಿತು. ಅಷ್ಟೇ ನನ್ನ ನಿರ್ಧಾರ. ಕರಡಿಗೆಯನ್ನು ತೆಗೆದು ಅವರ ಮಡಿಲಲ್ಲಿಟ್ಟೆ. ತಿಳಿದದ್ದನ್ನು ಮೊದಲಿನಿಂದ, ಏನೂ ಸೇರಿಸದೆ, ಏನೂ ಬಿಡದೆ ಹೇಳಿದೆ.

ಅವರು ಅದನ್ನು ತಮ್ಮ ಕರಡಿಗೆಯ ಪಕ್ಕಕ್ಕೆ ಹಿಡಿದರು. ಎರಡು ಗಿಳಿಗಳೂ ಮುಖಾಮುಖಿಯಾದವು.

“ಹೋದ ಮಳಿಗಾಲದ ತನಕ ಇದ್ಲಾ?”

“ಹೌದು ಆಯಿ.”

“ಮತ್ತ ನಾ ಇಷ್ಟು ದಿನ ಯಾರಿಗೆ ದೀಪ ಹಚ್ಚಿದೆ?” ನನ್ನನ್ನಲ್ಲ, ಗೋಡೆಯನ್ನು ಕೇಳಿದಂತಿತ್ತು. ಆಮೇಲೆ, “ಅಲ್ಲಿ ಆಕೀನ ಛಂದ ನೋಡಕೊಂಡ್ರಾ?”

ಭಂಡಾರದ ವಿಷಯ ಹೇಳಿದೆ. ವಾರಕ್ಕೊಮ್ಮೆ ತಮ್ಮ ದೇವರ ಜೊತೆ ಆಕೆಯ ದೇವರಿಗೂ ಹಚ್ಚುತ್ತಿದ್ದರು ಎಂದೆ. ಆಯಿ ಕರಡಿಗೆಯನ್ನು ಬೆಳಕಿಗೆ ತಿರುಗಿಸಿದರು. ಅತ್ತ ಇತ್ತ ನೋಡಿದರು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು.

“ಎಲ್ಲದ ಭಂಡಾರ? ಒಂದು ಕಲೇನೂ ಇಲ್ಲಲ್ಲ.”

“ನಾನು ತೆಗೆದೆ ಆಯಿ. ಶುಚಿ ಮಾಡೋದು ನನ್ನ ಕೆಲಸ.”

“ಯಾರು ಹೇಳಿದ್ರು ನಿನಗ ಅದು ಹೊಲಸಂತ?”

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು.

ಅಷ್ಟರಲ್ಲಿ ಮಗ ಬಾಗಿಲಲ್ಲಿ ಬಂದು ನಿಂತಿದ್ದರು. ತಾಯಿಯ ಮಡಿಲಲ್ಲಿದ್ದುದನ್ನು ಕಂಡು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಮರೆತಿಲ್ಲ. ಆಯಿ ಮಾತ್ರ, “ಜೀಪ್ ಯಾವಾಗ ಖಾಲಿ ಇರ್ತದೋ ನಿಂದು? ಜಳಕೋಟಕ್ಕ ಹೋಗೂದದ,” ಎಂದರು.

ಸಂಚಾಲಕರನ್ನು ಒಪ್ಪಿಸಬೇಕಾಗಲಿಲ್ಲ. ಕಾರ್ಡು ಇನ್ನೂ ನನ್ನ ಖಾನೆಯಲ್ಲಿತ್ತು, ಸಹಿ ಬಿದ್ದಿರಲಿಲ್ಲ. ನಾನು ಕರಡಿಗೆಯನ್ನು ವಾಪಸು ತಂದು ಜಳಕೋಟಕ್ಕೆ ಸುದ್ದಿ ಮುಟ್ಟಿಸಿದೆ; ಕೊಟ್ಟವನೇ ಬಂದು ಮರಳಿ ಕೇಳಿದ, ಕೊಟ್ಟೆವು. ಗಾಜಿನ ಪೆಟ್ಟಿಗೆಯ ಆಸೆ ಅವರಿಗೆ ಕೊನೆಯವರೆಗೂ ಇತ್ತು. ಆದರೂ ಕರಡಿಗೆಯನ್ನು ಅವನ ಕೈಗೆ ಕೊಡುವಾಗ ಅವರು ಚಪ್ಪಲಿ ಕಳಚಿದ್ದನ್ನು ನೋಡಿದೆ.

ಜಳಕೋಟಕ್ಕೆ ಹೊರಟ ದಿನ ಆಯಿ ನನ್ನನ್ನೂ ಬರಹೇಳಿದ್ದರು. ಅಯ್ಯನವರನ್ನು ಕರೆಯುವುದೇ ಎಂದು ಮಗ ಕೇಳಿದರು.

“ಕೇಳಿದ್ರ ನೂರು ಶಾಸ್ತ್ರ ಹೇಳ್ತಾರ. ಕೇಳದಿದ್ರ ಒಂದೂ ಇಲ್ಲ. ಸುಮ್ಮ ನಡಿ.”

ಅಲ್ಲಿ ಕುರುಬರವನ ತಾಯಿ “ಸಣ್ಣತ್ತಿ ಬಂದ್ರು” ಎಂದು ಅಂಗಳಕ್ಕೆ ಓಡಿಬಂದು ಆಯಿಯ ಕಾಲಿಗೆ ನೀರು ಹಾಕಿದರು. ಇಬ್ಬರೂ ಅಳಲಿಲ್ಲ. ಆಯಿ ಹಟ್ಟಿಯನ್ನು, ಕುರಿಗಳನ್ನು, ಹೊರಸಿನ ಮೇಲೆ ಮಡಚಿಟ್ಟ ಕರಿಕಂಬಳಿಗಳನ್ನು ಒಂದೊಂದಾಗಿ ನೋಡಿದರು. ಅಕ್ಕ ಹೊದೆಯುತ್ತಿದ್ದದ್ದು ಯಾವುದು ಎಂದು ಕೇಳಿ, ಅದರ ಮೇಲೆ ಸ್ವಲ್ಪ ಹೊತ್ತು ಕುಳಿತರು.

ಬದುವಿನಲ್ಲಿ ತಲೆಯ ಕಡೆಯ ಮಣ್ಣನ್ನು ಮೊಮ್ಮಗ ಒಂದು ಮೊಳದಷ್ಟು ತೆಗೆದ. ಆಯಿಯ ಮಗ ಅಲ್ಲಿಯವರೆಗೆ ಜೀಪಿನಲ್ಲೇ ಕುಳಿತಿದ್ದವರು ಇಳಿದು ಬಂದು, ಕೇಳದೆ ಸಲಿಕೆ ತೆಗೆದುಕೊಂಡು ಉಳಿದದ್ದನ್ನು ಅಗೆದರು. ಬೆಳ್ಳಿಯನ್ನು ಇಟ್ಟುಕೊಂಡು ಲಿಂಗವನ್ನಷ್ಟೇ ಮಣ್ಣಿಗೆ ಕೊಡಬಹುದಲ್ಲ ಎಂದು ಯಾರೋ ಅಂದರು.

“ಕರಡಿಗಿ ಸಮೇತ ಮಣ್ಣು ಕೊಟ್ವಿ ಅಂತ ಅಪ್ಪ ಸುಳ್ಳು ಹೇಳಿದ್ದ,” ಎಂದರು ಆಯಿ. “ಅದನ್ನ ಖರೆ ಮಾಡಿ ಹೋಗ್ತೀನಿ.”

ವಿಭೂತಿ ಹಚ್ಚಿ, ಇನ್ನೇನು ಇಡಬೇಕು ಎನ್ನುವಾಗ ಆಯಿ ನಿಂತು, ಭಂಡಾರ ತಾ ಎಂದರು. ಸೊಸೆ ಬೀರಪ್ಪನ ಮುಂದಿನ ಬಟ್ಟಲು ತಂದರು. ಆಯಿ ಚಿಮುಟಿ ತೆಗೆದು ಗಿಳಿಯ ಮೇಲೆ ಹಚ್ಚಿದರು. ಒಣಪುಡಿ ಜಾರಿ ಬಿತ್ತು. ನೀರು ಮುಟ್ಟಿಸಿ ಮತ್ತೆ ಹಚ್ಚಿದರು. ನಾನು ಅಷ್ಟು ನುಣ್ಣಗೆ ಉಜ್ಜಿದ್ದ ಬೆಳ್ಳಿಯ ಮೇಲೆ ಅದು ಗೆರೆಗೆರೆಯಾಗಿ ಇಳಿದುಹೋಯಿತು.

“ಹಿಡಿಯವಲ್ದು,” ಎಂದರು ಸೊಸೆ.

ಆಯಿ ನನ್ನ ಕಡೆ ನೋಡಲಿಲ್ಲ. “ಇರಲಿ ಬಿಡು. ಮಣ್ಣು ಹಿಡೀತದ,” ಎಂದು ಬಗ್ಗಿ ತಾವೇ ಇಟ್ಟರು.

ತಿರುಗಿ ಬರುವಾಗ ಜೀಪು ಉದಗೀರ ದಾಟಿತು. ನನ್ನನ್ನು ಇಳಿಸಬೇಕಾದ ತಿರುವು ತಪ್ಪಿಹೋಗಿದ್ದು ಅವರಿಗೂ ನೆನಪಾಗಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಮಗ ಎದುರಿನ ರಸ್ತೆ ನೋಡುತ್ತಲೇ ಕೇಳಿದರು:

“ಅವ್ವಾ, ಹೊಲದಾಗಿನ ಕಟ್ಟಿ ಏನ್ ಮಾಡೂದು? ಒಡಸೂದಾ?”

“ಯಾಕ ಒಡಸ್ತಿ? ನನ್ನ ಅದರಾಗೇ ಇಡು. ಹೆಂಗೂ ಖಾಲಿ ಅದ.” ಸ್ವಲ್ಪ ತಡೆದು ಸೇರಿಸಿದರು. “ಎಸ್‌ಟಿಯಾಗ ಟವೆಲ್ ಹಾಕಿ ಜಾಗಾ ಹಿಡೀತಾರಲ್ಲ, ಹಂಗ ನಮ್ಮಕ್ಕ ಹಿಡದಿಟ್ಟು ಹೋಗ್ಯಾಳ. ತಾ ಮಾತ್ರ ಬ್ಯಾರೆ ಗಾಡಿ ಹತ್ತಿದ್ಲು.”

ನಗಬೇಕೆಂದು ಹೇಳಿದ್ದು. ಮಗನಿಗೆ ನಗಲಾಗಲಿಲ್ಲ. ಆಯಿ ಸೆರಗು ಸರಿಮಾಡಿಕೊಳ್ಳುತ್ತ ಅಭ್ಯಾಸದಂತೆ ತಮ್ಮ ಕರಡಿಗೆಯನ್ನು ಬೆರಳಿಂದ ಒರೆಸಿಕೊಂಡರು. ಬೆರಳಲ್ಲಿ ಭಂಡಾರ ಉಳಿದಿತ್ತು. ವರ್ಷಗಟ್ಟಲೆ ಮೈಗೆ ತಾಗಿ ಮಸುಕಾದ ಆ ಬೆಳ್ಳಿಯ ಮೇಲೆ, ಗಿಳಿಯ ಕೊರಳಿಗೆ, ಹಳದಿ ಗುರುತು ಗಟ್ಟಿಯಾಗಿ ಕೂತಿತು. ಅವರು ಅದನ್ನು ನೋಡಿದರು, ಆಮೇಲೆ ನನ್ನ ಚೀಲವನ್ನು.

“ನಿನ್ನ ಹಂತ್ಯಾಕ ಹತ್ತಿ ಅದ ಅಲ್ಲ?”

“ಅದ, ಆಯಿ.”

ಚೀಲದಲ್ಲಿ ಹತ್ತಿಯೂ ಇತ್ತು, ಸ್ಪಿರಿಟ್ಟೂ ಇತ್ತು. ಕೊಡಬಹುದೆಂದು ತಂದಿದ್ದ, ಕೊಡಲು ಧೈರ್ಯ ಬಾರದ, ಅಕ್ಕನ ಕರಡಿಗೆಯ ಭಂಡಾರ ಹತ್ತಿದ ಕಡ್ಡಿಯಿದ್ದ ಆ ಗಾಜಿನ ಕೊಳವೆಯೂ ಇತ್ತು. ನಾನು ಯಾವುದನ್ನೂ ತೆಗೆಯಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.